ಕಪ್ಪು ಅಂಚು ಕಂಡರೆ ಹೆದರುವ ರೋಬೋ: 14 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನೆಲ ಗುಡಿಸುವ ರೋಬೋ ತಂದರೆ ಪೊರಕೆ ಹಿಡಿಯುವುದು ತಪ್ಪುತ್ತದೆ, ಆದರೆ ಆ ರೋಬೋ ಚಾಕರಿ ಶುರುವಾಗುತ್ತದೆ. ಭಾನುವಾರ 20 ನಿಮಿಷ ನೆಲದ ಮೇಲೆ ಕೂತು, ಅದನ್ನು ಅಂಗಾತ ಮಲಗಿಸಿ, ಹೊಟ್ಟೆ ಬಿಚ್ಚಿ ಕೂದಲು ಕೀಳುವ ತಾಳ್ಮೆ ನಿಮಗಿಲ್ಲ ಅಂದರೆ ಸುಮ್ನೆ ಒಂದು ಒಳ್ಳೆಯ ಪೊರಕೆ ತಗೊಳ್ಳಿ.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಹಳೇ ಮನೆ. ಹಾಲಿಗೆ, ನಡುಮನೆಗೆ ರೆಡ್ ಆಕ್ಸೈಡ್ ನೆಲ, ಗೋಡೆಯ ಉದ್ದಕ್ಕೂ ಒಂದು ಗೇಣು ಅಗಲದ ಕಪ್ಪು ಅಂಚು. ಆಮೇಲೆ ಕಟ್ಟಿಸಿದ ಒಂದು ರೂಮಿಗೆ ಮಾತ್ರ ಬಿಳಿ ಟೈಲ್ಸ್. ಅಮ್ಮನಿಗೆ ಮಂಡಿನೋವು, ಬಗ್ಗಲು ಆಗುವುದಿಲ್ಲ. ನಾನೂ ಹೆಂಡತಿಯೂ ಒಂಬತ್ತಕ್ಕೆಲ್ಲ ಮನೆ ಬಿಡುತ್ತೇವೆ. ಕೆಲಸಕ್ಕೆ ಬರುತ್ತಿದ್ದ ಅಕ್ಕ ಮಗಳ ಬಾಣಂತನ ಅಂತ ಊರಿಗೆ ಹೋದವರು ತಿಂಗಳುಗಟ್ಟಲೆ ಬರಲಿಲ್ಲ. ಆ ಗಡಿಬಿಡಿಯಲ್ಲಿ ತಂದಿದ್ದು ಇದು, 24 ಸಾವಿರ ಚಿಲ್ಲರೆ. ಬ್ರ್ಯಾಂಡ್ ಹೆಸರು ಬೇಡ, ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಜಾತಿಯ ಯಂತ್ರಗಳಿಗೆಲ್ಲ ಸೇರಿದ್ದೇ.

ತಗೊಳ್ಳುವಾಗ ಅಂಗಡಿಯವರು ಪ್ಯಾಸ್ಕಲ್ (ಗಾಳಿ ಎಳೆತದ ಅಳತೆ) ಲೆಕ್ಕ ಹೇಳಿ ತಲೆ ತಿನ್ನುತ್ತಾರೆ. ಇಷ್ಟು ಸಾವಿರ ಪ್ಯಾಸ್ಕಲ್ ಎಳೆತ, ಅಷ್ಟು ಸಾವಿರ ಪ್ಯಾಸ್ಕಲ್ ಎಳೆತ ಅಂತ. ದಪ್ಪ ಕಾರ್ಪೆಟ್ ಇರುವ ಮನೆಗೆ ಅದು ಬೇಕು. ನಮ್ಮ ಹಾಗೆ ನುಣುಪು ನೆಲ ಇದ್ದರೆ ಎರಡನೇ ಹಂತದ ಎಳೆತವೇ ಧಾರಾಳ, ಜಾಸ್ತಿ ಮಾಡಿದರೆ ಸದ್ದು ಜಾಸ್ತಿ, ಚಾರ್ಜ್ ಬೇಗ ಖಾಲಿ, ಅಷ್ಟೇ. ನೋಡಬೇಕಾದ್ದು ಅದರ ತಲೆ ಮೇಲೆ ಪುಟ್ಟ ಗೋಪುರ ಇದೆಯಾ ಅಂತ. ಅದೇ ಲೈಡಾರ್. ಲೇಸರ್ ಸುತ್ತಿಸಿ ಗೋಡೆ, ಕುರ್ಚಿ ಕಾಲು ಎಲ್ಲ ಅಳೆದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ, ಕತ್ತಲಲ್ಲೂ ಕೆಲಸ ಮಾಡುತ್ತದೆ. ಕ್ಯಾಮೆರಾ ನಂಬಿ ಓಡುವುದಕ್ಕೆ ಬೆಳಕು ಬೇಕು, ನಮ್ಮ ನಡುಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು. ಇನ್ನೊಂದು, 2022ರಲ್ಲಿ ಒಂದು ಸುದ್ದಿ ಬಂದಿತ್ತು. ಐರೋಬೋಟ್ ಕಂಪನಿ ಪರೀಕ್ಷೆಗೆ ಅಂತ ಜನರ ಮನೆಗೆ ಕೊಟ್ಟಿದ್ದ ಯಂತ್ರಗಳು ತೆಗೆದ ಫೋಟೋಗಳು ಎಲ್ಲೆಲ್ಲೋ ಸೋರಿದ್ದವು, ಶೌಚಾಲಯದಲ್ಲಿ ಕೂತಿದ್ದ ಹೆಂಗಸಿನ ಫೋಟೋ ಕೂಡ. ಅವರೆಲ್ಲ ಒಪ್ಪಿಗೆ ಕೊಟ್ಟು ತಗೊಂಡವರೇ ಅಂತ ಕಂಪನಿ ಹೇಳಿತ್ತು, ಅಂಗಡಿಯಲ್ಲಿ ಮಾರುವ ಯಂತ್ರ ಅದಲ್ಲ, ನಿಜ. ಆದರೂ ನನಗೆ ಕ್ಯಾಮೆರಾ ಬೇಡ ಅನ್ನಿಸಿತು.

ಈಗ ಕಪ್ಪು ಅಂಚಿನ ಕಥೆ. ಮೊದಲ ವಾರ ಎಲ್ಲರಿಗೂ ಖುಷಿ. ಎರಡನೇ ವಾರ ಅಮ್ಮ ಕೇಳಿದರು, 'ಲೋ, ಇದು ಗೋಡೆ ಪಕ್ಕ ಹೋಗೋದೇ ಇಲ್ವಲ್ಲೋ?' ನೋಡಿದರೆ ಹೌದು. ಕೆಂಪು ನೆಲವೆಲ್ಲ ಫಳಫಳ, ಅಂಚಿನ ಮೇಲೆ ಮಾತ್ರ ಧೂಳು ಹಾಗೇ ಕೂತಿದೆ. ಮೊಬೈಲಿನ ನಕ್ಷೆಯಲ್ಲಿ ಹಾಲಿನ ಅಳತೆ ಸರಿಯಾಗೇ ಇದೆ, ಆದರೆ ಅದು ಓಡಾಡಿದ ಗೆರೆಗಳು ಗೋಡೆಗೆ ಒಂದು ಗೇಣು ಮುಂಚೆಯೇ ತಿರುಗಿಬಿಟ್ಟಿವೆ. ಯಂತ್ರ ಕೆಟ್ಟಿದೆ ಅಂತಲೇ ಅಂದುಕೊಂಡೆ. ಕಸ್ಟಮರ್ ಕೇರ್‌ನವರು ರೀಸೆಟ್ ಮಾಡಿ ಅಂದರು, ಮಾಡಿದೆ, ಹಾಗೇ ಇತ್ತು.

ವಿಷಯ ಏನಪ್ಪಾ ಅಂದರೆ, ಇದರ ಹೊಟ್ಟೆಯ ಅಂಚಿನಲ್ಲಿ ಪುಟ್ಟ ಪುಟ್ಟ ಕಣ್ಣುಗಳಿರುತ್ತವೆ. ನೆಲಕ್ಕೆ ಇನ್ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬಂತಾ ಅಂತ ನೋಡುತ್ತವೆ. ಬರಲಿಲ್ಲ ಅಂದರೆ ಮುಂದೆ ಮೆಟ್ಟಿಲಿದೆ, ಬೀಳುತ್ತೇನೆ ಅಂತ ಹಿಂದೆ ಸರಿಯುತ್ತದೆ. ಕಪ್ಪು ಬಣ್ಣ ಬೆಳಕು ನುಂಗುತ್ತದಲ್ವಾ? ಹಾಗಾಗಿ ನಮ್ಮ ತಾತ ಆಸೆಪಟ್ಟು ಹಾಕಿಸಿದ ಕಪ್ಪು ಅಂಚು ಇದರ ಕಣ್ಣಿಗೆ ದೊಡ್ಡ ಪ್ರಪಾತ. ಇಡೀ ಹಾಲು ಅದಕ್ಕೊಂದು ಬೆಟ್ಟದ ತುದಿ.

ಪರಿಹಾರ ಹುಡುಕಿದೆ. ಆ ಕಣ್ಣುಗಳ ಮೇಲೆ ಬಿಳಿ ಕಾಗದದ ಚೂರು ಇಟ್ಟು ಟೇಪ್ ಅಂಟಿಸಿದರೆ ಆಯ್ತು, ಯಾವಾಗಲೂ ನೆಲ ಇದೆ ಅಂತಲೇ ಅಂದುಕೊಳ್ಳುತ್ತದೆ. ಅಂಟಿಸಿದೆ. ಅವತ್ತೇ ಅಂಚೆಲ್ಲ ಕ್ಲೀನ್! ನಾನು ದೊಡ್ಡ ಇಂಜಿನಿಯರ್ ಥರ ಬೀಗುತ್ತಾ ಓಡಾಡಿದೆ. ಮೂರನೇ ದಿನ ಅಮ್ಮ ಹಿತ್ತಿಲ ಬಾಗಿಲು ತೆಗೆದು ಪಾತ್ರೆ ಹಾಕಲು ಹೋಗಿದ್ದಾರೆ, ಇದು ಹಿಂದೆಯೇ ಹೋಗಿ ಮೆಟ್ಟಿಲಿಂದ ಧಡ್ ಅಂತ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದೆ. ತಲೆಕೆಳಗಾಗಿ ಬಿದ್ದು ಚಕ್ರ ತಿರುಗಿಸುತ್ತಾ 'ದಯವಿಟ್ಟು ಸಮತಟ್ಟಾದ ಜಾಗಕ್ಕೆ ಸರಿಸಿ' ಅಂತ ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿತ್ತಂತೆ. ಮುಂದಿನ ಬಂಪರಿಗೆ ಗೀರು ಬಿತ್ತು, ಪುಣ್ಯಕ್ಕೆ ನೀರಿಗೆ ಬೀಳಲಿಲ್ಲ. ಹೆಂಡತಿ ಟೇಪ್ ಕಿತ್ತು ನನ್ನ ಕೈಗೆ ಕೊಟ್ಟಳು. ಆ್ಯಪಿನಲ್ಲಿ ಹೋಗಬೇಡ ಅಂತ ಗೆರೆ ಎಳೆಯಬಹುದು, ಆದರೆ ಯಾರಾದರೂ ಎತ್ತಿ ಬೇರೆ ಕಡೆ ಇಟ್ಟರೆ ತಾನೆಲ್ಲಿದ್ದೇನೆ ಅಂತ ಅದಕ್ಕೇ ಗೊಂದಲವಾಗುತ್ತದೆ, ಆ ಗೆರೆಯೊಂದನ್ನೇ ನಂಬಲು ಆಗುವುದಿಲ್ಲ. ನಿಮ್ಮ ಮನೆಗೂ ಕಪ್ಪು ಅಂಚಿದ್ದರೆ, ಅಥವಾ ಕಪ್ಪು ಗ್ರಾನೈಟ್ ಇದ್ದರೆ, ತಗೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಕಪ್ಪು ಬಟ್ಟೆ ಹಾಸಿ ಓಡಿಸಿ ನೋಡಿ. ಕೆಲವು ಯಂತ್ರ ದಾಟುತ್ತವೆ, ಕೆಲವು ದಾಟುವುದಿಲ್ಲ.

ಭಾನುವಾರದ ಚಾಕರಿಗೆ ಬರುತ್ತೇನೆ. ಹೋದ ವಾರ ಉರುಳುವ ದೊಡ್ಡ ಬ್ರಷ್ ಬಿಚ್ಚಿದಾಗ ಸಿಕ್ಕಿದ್ದು: ಉದ್ದ ಕೂದಲು, ಅದಕ್ಕೆ ಹೆಣೆದುಕೊಂಡ ಬಾಳೆನಾರು (ಮಲ್ಲಿಗೆ ಮಾಲೆಯದ್ದು, ಹೂವೆಲ್ಲ ಒಣಗಿ ಕಂದು ಪುಡಿ), ಊದಿನಕಡ್ಡಿಯ ಬುಡ, ಎರಡು ಸಾಸಿವೆ, ಮಗಳ ಮಣಿ. ಬಾಳೆನಾರು ಬಲು ಕೆಟ್ಟದ್ದು, ಹಗ್ಗದ ಹಾಗೆ ಬಿಗಿಯುತ್ತದೆ. ಬ್ರಷ್‌ನ ಎರಡೂ ತುದಿಯ ಮುಚ್ಚಳ ತೆಗೆದು ನೋಡಬೇಕು, ಅಲ್ಲಿ ಕೂದಲು ಉಂಗುರ ಕಟ್ಟಿರುತ್ತದೆ, ಮೇಲಿಂದ ಕಾಣುವುದೇ ಇಲ್ಲ. ಕತ್ತರಿ ಬೇಡ, ಹೊಲಿಗೆ ಬಿಚ್ಚುವ ಕಡ್ಡಿ ಬರುತ್ತದಲ್ಲ, ಅದರಲ್ಲಿ ಒಂದು ಗೀಟು ಎಳೆದರೆ ಇಡೀ ಉಂಡೆ ಕಿತ್ತು ಬರುತ್ತದೆ. ಮುಂದಿನ ಪುಟಾಣಿ ಚಕ್ರವನ್ನೂ ಎಳೆದು ತೆಗೆದು ನೋಡಿ. ನಾನು ಐದು ತಿಂಗಳು ಅದರ ತಂಟೆಗೇ ಹೋಗಿರಲಿಲ್ಲ. ಕೂದಲು ತುಂಬಿ ಚಕ್ರ ತಿರುಗುವುದು ನಿಂತಿತ್ತು, ಅದನ್ನು ಹಾಗೇ ಎಳೆದಾಡಿ ಕೆಂಪು ನೆಲದ ಮೇಲೆ ತೆಳು ಗೆರೆಗಳು ಬಿದ್ದಿವೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತವೆ. ಅಮ್ಮ ಇನ್ನೂ ನೋಡಿಲ್ಲ.

ಫಿಲ್ಟರ್ ಎರಡು ಇಟ್ಟುಕೊಳ್ಳಿ. ತೊಳೆಯಬಹುದು ಅಂತ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ತೊಳೆಯಿರಿ, ಪೂರ್ತಿ ಒಣಗದೆ ಹಾಕಬೇಡಿ. ಮಳೆಗಾಲದಲ್ಲಿ ಒಂದು ದಿನ ಸಾಲದು. ರಂಗೋಲಿ ಪುಡಿ ಇದಕ್ಕೆ ಶತ್ರು. ಕಲ್ಲಿನ ನುಣ್ಣನೆ ಪುಡಿ, ಒಂದೇ ಸಲಕ್ಕೆ ಫಿಲ್ಟರ್ ಕಟ್ಟಿಬಿಡುತ್ತದೆ. ದೇವರ ಮನೆಗೆ ನಾನು ಗೆರೆ ಎಳೆದಿದ್ದು ಅದಕ್ಕೇ.

ಇಲ್ಲ, ಸುಳ್ಳು ಹೇಳಬಾರದು, ಅದಕ್ಕೂ ಮುಂಚೆ ಇನ್ನೊಂದು ಆಗಿತ್ತು. ಒರೆಸುವ ಬಟ್ಟೆ ಕಟ್ಟಿ ಬಿಟ್ಟಿದ್ದೆ, ಅದು ದೇವರ ಮನೆ ಮುಂದೆ ಚೆಲ್ಲಿದ್ದ ಕುಂಕುಮದ ಮೇಲೆ ಹೋಗಿದೆ. ಕೆಂಪು ನೆಲದಲ್ಲಿ ಗೊತ್ತೇ ಆಗಲಿಲ್ಲ. ಸಂಜೆ ಬಂದರೆ ಬಿಳಿ ಟೈಲ್ಸ್ ರೂಮಿನ ತುಂಬಾ ಒಂದೇ ಅಳತೆಯ ಗುಲಾಬಿ ಗೆರೆಗಳು, ಪಂಚೆ ಅಂಚಿನ ಹಾಗೆ. ಈ ಒರೆಸುವ ಕೆಲಸಕ್ಕೆ ನಾನು 10ಕ್ಕೆ 4 ಕೊಡುತ್ತೇನೆ. ನಮ್ಮದರಲ್ಲಿ ಬಟ್ಟೆ ತಿರುಗುವುದಿಲ್ಲ, ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತದೆ ಅಷ್ಟೇ, ಒಣಗಿದ ಸಾರಿನ ಕಲೆ ಹೋಗುವ ಮಾತೇ ಇಲ್ಲ. ಟ್ಯಾಂಕಿಗೆ ಫಿನಾಯಿಲ್ ಹಾಕಬೇಡಿ, ಬೋರ್ ನೀರನ್ನೂ ಹಾಕಬೇಡಿ, ಬಿಳಿ ಉಪ್ಪು ಕಟ್ಟಿ ತೂತು ಮುಚ್ಚಿಹೋಗುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಹಾಕುತ್ತೇನೆ, ಇಲ್ಲಿಯವರೆಗೆ ತೊಂದರೆ ಆಗಿಲ್ಲ.

ಸಮಯದ್ದೂ ಒಂದು ರಗಳೆ. ಶುರುವಿಗೆ ಸಂಜೆ 7ಕ್ಕೆ ಇಟ್ಟಿದ್ದೆ. ಅಮ್ಮ ದೀಪ ಹಚ್ಚಿ ಕೂತಿದ್ದಾರೆ, ಇದು ಗುಂಯ್ ಅಂತ ಹೊರಟಿತು. 'ದೀಪ ಹಚ್ಚಿದ ಮೇಲೆ ಕಸ ಗುಡಿಸ್ತಾರೇನೋ, ಲಕ್ಷ್ಮಿ ಹೊರಗೆ ಹೋಗ್ತಾಳೆ' ಅಂದರು. ಕಸ ಹೊರಗೆ ಹೋಗಲ್ಲಮ್ಮ, ಡಬ್ಬಿಯಲ್ಲೇ ಇರುತ್ತೆ ಅಂದೆ. ನಡೆಯಲಿಲ್ಲ. ಈಗ ಬೆಳಿಗ್ಗೆ ಹತ್ತೂವರೆ. ಕರೆಂಟ್ ಹೋದರೆ ಇನ್ನೊಂದು ಫಜೀತಿ, ಚಾರ್ಜಿಗೆ ನಿಲ್ಲುವ ಡಾಕ್‌ನಿಂದ ಬರುವ ಸಂಕೇತ ನೋಡಿಕೊಂಡು ಅದು ಮನೆ ಸೇರಬೇಕು, ಡಾಕ್‌ಗೇ ಕರೆಂಟ್ ಇಲ್ಲದಿದ್ದರೆ ಹುಡುಕಿ ಹುಡುಕಿ ಸುಸ್ತಾಗಿ ದಿವಾನದ ಕೆಳಗೆ ಮಲಗುತ್ತದೆ. ಡಾಕ್ ವೈರನ್ನು ಇನ್ವರ್ಟರ್ ಪಾಯಿಂಟಿಗೆ ಹಾಕಿ, ಮುಗೀತು. ದಸರಾ ಹತ್ತು ದಿನ ಹಾಲಿಗೆ ಬಿಡಲೇಬೇಡಿ. ಗೊಂಬೆಗಳ ಮುಂದೆ ಮಗಳು ರಾಗಿ ಮೊಳಕೆ ಹಾಕಿ ಮಾಡಿದ್ದ ಪಾರ್ಕನ್ನು ಇದು ಅರ್ಧ ತಿಂದುಹಾಕಿತ್ತು.

ಸರ್ವಿಸ್ ವಿಷಯದಲ್ಲಿ ನನಗೆ ಬೇಜಾರಿದೆ. ಒಂಬತ್ತನೇ ತಿಂಗಳಲ್ಲಿ ಪಕ್ಕದ ಬ್ರಷ್ ತಿರುಗುವುದು ನಿಂತಿತು. ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ, ಎರಡು ವಾರ ಆಗುತ್ತೆ, ಕೂದಲು ಸಿಕ್ಕಿಕೊಂಡಿದ್ದರೆ ವಾರಂಟಿ ಬರಲ್ಲ ಅಂದರು. ಕೂದಲು ಎಳೆಯೋಕೇ ಅಲ್ವಾ ತಗೊಂಡಿದ್ದು? ಅಗ್ರಹಾರದ ಕಡೆ ಮಿಕ್ಸಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ನಾಲ್ಕು ಸ್ಕ್ರೂ ಬಿಚ್ಚಿ, ಗೇರಿನಿಂದ ಚಿಮುಟದಲ್ಲಿ ಕೂದಲು ಎಳೆದು ತೋರಿಸಿ, 'ಮಿಕ್ಸಿಗಿಂತ ಸುಲಭ ಸಾರ್ ಇದು' ಅಂತ 150 ರೂಪಾಯಿ ತಗೊಂಡರು. ಹೀಗೆ ಬಿಚ್ಚಿಸಿದರೆ ಉಳಿದ ವಾರಂಟಿಗೆ ಎಳ್ಳುನೀರು, ಅದು ಗೊತ್ತಿದ್ದೇ ಮಾಡಿಸಿದೆ. ಬ್ರಷ್ಷು, ಫಿಲ್ಟರ್, ಬಟ್ಟೆ ಅಂತ ಇಲ್ಲಿಯವರೆಗೆ ಸುಮಾರು 2,200 ಖರ್ಚಾಗಿದೆ.

ಗುಡಿಸುವುದಕ್ಕೆ 10ಕ್ಕೆ 8. ದಿವಾನದ ಕೆಳಗಿಂದ ದಿನಾ ಅದು ತೆಗೆಯುವ ಧೂಳು ನೋಡಿದರೆ ಇಷ್ಟು ವರ್ಷ ನಾವು ಹೇಗಿದ್ದೆವು ಅನ್ನಿಸುತ್ತದೆ. ಅಮ್ಮ ಈಗ ಬೆಳಿಗ್ಗೆ ಹತ್ತೂಕಾಲಿಗೇ ಕುರ್ಚಿಗಳನ್ನು ಸರಿಸಿ, ಕಾಲೊರೆಸುವ ಮ್ಯಾಟ್ ಮಡಚಿ, ಕಾಲು ಮೇಲೆ ಇಟ್ಟುಕೊಂಡು ಕೂತಿರುತ್ತಾರೆ.

ಕೆಲಸದ ಅಕ್ಕನೂ ವಾಪಸ್ ಬಂದಿದ್ದಾರೆ, ವಾರಕ್ಕೆ ಎರಡು ದಿನ. ಮೊದಲ ದಿನ ಸೊಂಟದ ಮೇಲೆ ಕೈಯಿಟ್ಟು ಐದು ನಿಮಿಷ ಅದನ್ನೇ ನೋಡಿದರು. 'ಪರವಾಗಿಲ್ಲ, ಚೆನ್ನಾಗೇ ಗುಡಿಸ್ತದೆ' ಅಂದವರು, ಅದು ಕಪ್ಪು ಅಂಚಿನ ಹತ್ತಿರ ಬಂದು ಹಿಂದೆ ಸರಿದಿದ್ದು ನೋಡಿ ಪೊರಕೆ ತರಲು ಒಳಗೆ ಹೋದರು.