ಕೊಡಗಿನಲ್ಲಿ ತಿಂಗಳ ಸಾಮಾನು: ಸಂತೆ, ದಿನಸಿ ಅಂಗಡಿ, ಸೂಪರ್ ಮಾರ್ಕೆಟ್, ಮೈಸೂರು – ಯಾವುದನ್ನು ಎಲ್ಲಿ ಕೊಳ್ಳಬೇಕು?

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ – ಎಲ್ಲಿ ಹೋದರೂ ಈಗ ಸೂಪರ್ ಮಾರ್ಕೆಟ್ ಬೋರ್ಡು ಕಾಣುತ್ತದೆ. ಅಂಗಡಿ ಹೆಚ್ಚಾದ ಮೇಲೆ ರೇಟು ಇಳಿಯಬೇಕಿತ್ತು, ಇಳಿದಿಲ್ಲ. ಅಕ್ಕಿ, ತೊಗರಿಬೇಳೆ, ಸೂರ್ಯಕಾಂತಿ ಎಣ್ಣೆ, ಸಕ್ಕರೆ, ಸೋಪು, ಬಿಸ್ಕತ್ತು, ಕಾಫಿಪುಡಿ, ತರಕಾರಿ ಎಂದು ಒಂದೇ ಪಟ್ಟಿ ಹಿಡಿದು ಬೇರೆ ಬೇರೆ ಕಡೆ ಕೊಂಡು, ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಎಲ್ಲ ಸಾಮಾನಿಗೂ ಅಗ್ಗ ಎನ್ನುವ ಅಂಗಡಿ ನಮ್ಮಲ್ಲಿಲ್ಲ. ನಿಜವಾದ ಎದುರಾಳಿ ಇರುವ ಸಾಮಾನಿಗೆ ಮಾತ್ರ ರೇಟು ಇಳಿಯುತ್ತದೆ, ಉಳಿದದ್ದಕ್ಕೆ ಅಂಗಡಿ ಬದಲಾಯಿಸಿದರೂ ಅದೇ ಕಥೆ.

ಕಾರಣ ಸಪ್ಲೈನಲ್ಲಿದೆ. ಸೋಪು, ಟೂತ್‌ಪೇಸ್ಟು, ಬಿಸ್ಕತ್ತಿನ ಕಂಪನಿಗಳು ಸಾಮಾನ್ಯವಾಗಿ ಒಂದು ಊರಿಗೋ ತಾಲ್ಲೂಕಿಗೋ ಒಬ್ಬ ಡಿಸ್ಟ್ರಿಬ್ಯೂಟರನ್ನು ನೇಮಿಸುತ್ತವೆ. ಮೂಲೆಯ ಕಿರಾಣಿ ಅಂಗಡಿಗೂ ಏಸಿ ಹಾಕಿದ ಸೂಪರ್ ಮಾರ್ಕೆಟ್ಟಿಗೂ ಅದೇ ವ್ಯಾನು ಅದೇ ಮಾರ್ಜಿನ್ನಿಗೆ ಸಾಮಾನು ಇಳಿಸುತ್ತದೆ. ಮೈಸೂರಿನ ದೊಡ್ಡ ಚೈನ್‌ಗಳು ಕಂಪನಿಯಿಂದಲೇ ಲಾರಿಗಟ್ಟಲೆ ಖರೀದಿಸುವುದರಿಂದ ಎಂಆರ್‌ಪಿಗಿಂತ ಕೆಳಗೆ ಮಾರಬಲ್ಲವು. ನಮ್ಮ ಊರಿನ ಸೂಪರ್ ಮಾರ್ಕೆಟ್ ಬಾಡಿಗೆ, ಕರೆಂಟು, ಬಿಲ್ಲಿಂಗ್ ಹುಡುಗರ ಸಂಬಳ ಎಲ್ಲವನ್ನೂ ಅದೇ ಮಾರ್ಜಿನ್ನಿನಲ್ಲಿ ತೂಗಿಸಬೇಕು. ಹಾಗಾಗಿ ಬ್ರಾಂಡೆಡ್ ಸಾಮಾನಿನಲ್ಲಿ ಅದು ರೇಟು ಬಿಡುವುದಿಲ್ಲ. ಬಿಟ್ಟರೆ ಎಕ್ಸ್‌ಪೈರಿ ಹತ್ತಿರ ಬಂದಿದೆಯೇ ಎಂದು ತಾರೀಕು ನೋಡಿ. ಅಪರೂಪಕ್ಕೆ ಬೇಕಾಗುವ ಸಾಮಾನು, ಹತ್ತು ಬ್ರಾಂಡಿನ ಆಯ್ಕೆ ಮತ್ತು ಅಚ್ಚಾದ ಬಿಲ್ಲು, ಈ ಮೂರಕ್ಕೆ ಮಾತ್ರ ಅಲ್ಲಿಗೆ ಹೋಗುವುದು ಸರಿ.

ಎಣ್ಣೆಯ ಕಪಾಟಿನ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿದ ಮೇಲೆ ಅಡುಗೆ ಎಣ್ಣೆ ಜಿಗಿಯಿತು. 2025ರ ಮೇ ಕೊನೆಯಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿದರು. ಪ್ಯಾಕೆಟ್ಟಿನ ಅಳತೆ ನಿಗದಿಪಡಿಸಿದ್ದ ನಿಯಮ ಹೋದ ಮೇಲೆ ಒಂದು ಲೀಟರಿನಂತೆಯೇ ಕಾಣುವ 850 ಗ್ರಾಂ, 800 ಗ್ರಾಂ ಪೌಚುಗಳೂ ಬಂದಿವೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 850 ಗ್ರಾಂ ಪೌಚಿಗೆ 145 ರೂಪಾಯಿ, 910 ಗ್ರಾಂ ಪೌಚಿಗೆ 152 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು ಏಳು ರೂಪಾಯಿ ಅಗ್ಗವೆನಿಸುತ್ತದೆ; ಕಿಲೋ ಲೆಕ್ಕದಲ್ಲಿ ಅದು 170 ರೂಪಾಯಿ ಚಿಲ್ಲರೆ, ಎರಡನೆಯದು 167. ಪ್ಯಾಕೆಟ್ಟಿನ ಮೇಲೆ ಗ್ರಾಂ ಒಂದಕ್ಕೆ ಎಷ್ಟು ಎಂದು ಅಚ್ಚಾಗಿರುತ್ತದಲ್ಲ ಎನ್ನಬಹುದು. ಅಲ್ಲೇ ತೊಡಕಿದೆ. ಕಿಲೋಗಿಂತ ಕಡಿಮೆ ತೂಕದ ಪ್ಯಾಕಿಗೆ ಯೂನಿಟ್ ದರವನ್ನು ಗ್ರಾಂ ಲೆಕ್ಕದಲ್ಲಿ, ದಶಾಂಶದ ಎರಡು ಸ್ಥಾನಕ್ಕೆ ಮುದ್ರಿಸುತ್ತಾರೆ. ಈ ಎರಡು ಪೌಚುಗಳ ಮೇಲೂ 0.17 ಎಂದೇ ಇರುತ್ತದೆ, ವ್ಯತ್ಯಾಸ ಮುಚ್ಚಿಹೋಗುತ್ತದೆ. ಎಂಆರ್‌ಪಿಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿ. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ.

ಬೇಳೆಗೆ ಹಳೆಯ ದಿನಸಿ ಅಂಗಡಿಯೇ ಮೇಲು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ, 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಇದೆ; ಚೀಲದಿಂದ ತೂಗಿ ಕೊಡುವ ಲೂಸ್ ಬೇಳೆಗೆ ಇಲ್ಲ. ಸೂಪರ್ ಮಾರ್ಕೆಟ್ಟಿನ ಅರ್ಧ ಕಿಲೋ ಪ್ಯಾಕಿನಲ್ಲಿ ಈ ತೆರಿಗೆಯ ಜೊತೆಗೆ ಕವರು, ಕೂಲಿ ಸೇರಿರುತ್ತದೆ. ಲೂಸ್ ಬೇಳೆಯಲ್ಲಿ ಮೋಸ ಹೋಗುವುದು ಪಾಲಿಶಿನಲ್ಲಿ. ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ನೋಡಿ, ಜಿಡ್ಡು ಉಳಿದರೆ ಎಣ್ಣೆ ಪಾಲಿಶ್ ಆಗಿದೆ. ಚೀಲದೊಳಗೆ ಕೈಯಿಟ್ಟಾಗ ತಣ್ಣಗೆ ಒದ್ದೆ ಎನಿಸಿದರೆ ಆಷಾಢದ ತೇವ ಕುಡಿದಿದೆ, ನೀರಿಗೂ ದುಡ್ಡು ಕೊಟ್ಟ ಹಾಗೆ. ಹೊಸ ಚೀಲವಾದರೆ ಮೊದಲು ಕಾಲು ಕಿಲೋ ತಂದು ಬೇಯಿಸಿ. ಹಳೆಯ ಬೇಳೆ ಎರಡು ವಿಷಲ್ ಹೆಚ್ಚಿಗೆ ಕೇಳುತ್ತದೆ, ಉಳಿಸಿದ ದುಡ್ಡು ಗ್ಯಾಸಿಗೆ ಹೋಗುತ್ತದೆ.

ಅಕ್ಕಿಯಲ್ಲಿ ಈಗ 26 ಕಿಲೋ ಮೂಟೆ ಕಾಣುವುದಕ್ಕೂ ಅದೇ ತೆರಿಗೆ ಕಾರಣ. ತೆರಿಗೆಗೆ ಮುಂಚೆ ಕಿಲೋ 60 ರೂಪಾಯಿ ಅಕ್ಕಿಯಾದರೆ, 25 ಕಿಲೋ ಮೂಟೆ ತೆರಿಗೆ ಸೇರಿ 1,575 ಆಗುತ್ತದೆ. 26 ಕಿಲೋ ಮೂಟೆ 1,560ಕ್ಕೇ ಮುಗಿಯುತ್ತದೆ. ಒಂದು ಕಿಲೋ ಹೆಚ್ಚು, ಹದಿನೈದು ರೂಪಾಯಿ ಕಡಿಮೆ. ಕಡಂಬುಟ್ಟಿಗೆ ಬೇಕಾದ ತರಿಯನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳಲೇಬೇಡಿ. ಅದೇ ಅಕ್ಕಿಯನ್ನು ತೊಳೆದು ಒಣಗಿಸಿ ಗಿರಣಿಯಲ್ಲಿ ಒಡೆಸಿದರೆ ಸಾಕು.

ಮೈಸೂರಿಗೆ ಹೋಗಿ ತಂದರೆ ಉಳಿತಾಯವಾಗುತ್ತದೆಯೇ? ಮಡಿಕೇರಿಯಿಂದ ಸುಮಾರು 120 ಕಿ.ಮೀ., ಹೋಗಿ ಬರಲು 240. ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 16 ಲೀಟರ್ ಪೆಟ್ರೋಲು. ಲೀಟರಿಗೆ ಬರೀ ನೂರು ರೂಪಾಯಿ ಹಿಡಿದರೂ 1,600. ಅಲ್ಲಿ ಸರಾಸರಿ ಶೇ. 8 ಉಳಿಯುತ್ತದೆಂದರೆ, ಪೆಟ್ರೋಲಿನ ದುಡ್ಡು ವಾಪಸಾಗಲು 20,000 ರೂಪಾಯಿ ಸಾಮಾನು ಕೊಳ್ಳಬೇಕು. ಒಂದು ಮನೆಗೆ ಈ ಲೆಕ್ಕ ಕೂಡುವುದಿಲ್ಲ. ಅಣ್ಣ-ತಮ್ಮಂದಿರ ಮೂರು ಮನೆ ಸೇರಿ ಹೋದರೆ, ಇಲ್ಲವೇ ಆಸ್ಪತ್ರೆ, ಕಾಲೇಜು ಎಂದು ಹೇಗೂ ಹೋಗುವುದಿದ್ದರೆ ಕೂಡುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಕೆಎಸ್‌ಆರ್‌ಟಿಸಿಯಲ್ಲಿ 30 ಕಿಲೋವರೆಗೆ ಲಗೇಜೂ ಉಚಿತ. ಆದರೆ ದಿನವಿಡೀ ಹೋಗುತ್ತದೆ, ಭಾರ ಹೊರಬೇಕು. ಹೋದರೆ ಬಟ್ಟೆ ಸೋಪಿನ ಪುಡಿ, ಎಣ್ಣೆ, ಬಿಸ್ಕತ್ತು ತನ್ನಿ. ಅಲ್ಲಿ ಎಂಆರ್‌ಪಿಗಿಂತ ರೇಟು ಇಳಿಯುವುದು ಮುಖ್ಯವಾಗಿ ಇವಕ್ಕೇ.

ಕೊಡಗಿನ ಎಷ್ಟೋ ಮನೆಗಳಲ್ಲಿ ಮಾಜಿ ಸೈನಿಕರ ಕ್ಯಾಂಟೀನ್ ಕಾರ್ಡ್ ಇದೆ. ಈ ಕ್ಯಾಂಟೀನುಗಳಿಗೆ ಸಾಮಾನು ಪೂರೈಸುವ ಸಿಎಸ್‌ಡಿ ಇಲಾಖೆ ಕಟ್ಟಿದ ಜಿಎಸ್‌ಟಿಯಲ್ಲಿ ಅರ್ಧ ಅದಕ್ಕೆ ಮರುಪಾವತಿಯಾಗುತ್ತದೆ. ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟಿಗೆ ಶೇ. 18 ತೆರಿಗೆಯಿದ್ದಾಗ, ತೆರಿಗೆಯಿಲ್ಲದೆ ನೂರು ರೂಪಾಯಿಯ ಸಾಮಾನು ಹೊರಗೆ 118 ಆಗಿ, ಅಲ್ಲಿ 109 ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಇವುಗಳ ತೆರಿಗೆ ಶೇ. 5ಕ್ಕೆ ಇಳಿದಿದೆ: ಹೊರಗೆ 105, ಅಲ್ಲಿ 102.50. ತೆರಿಗೆಯಿಂದ ಸಿಗುತ್ತಿದ್ದ ಲಾಭ ಒಂಬತ್ತರಿಂದ ಎರಡೂವರೆಗೆ ಬಂತು. ಕ್ಯಾಂಟೀನಿನ ಮಾರ್ಜಿನ್ ಕಡಿಮೆ, ಆ ಲಾಭ ಈಗಲೂ ಇದೆ. ಆದರೆ ನಾಲ್ಕು ಸೋಪಿಗಾಗಿ ನಾಪೋಕ್ಲಿನಿಂದ ಜೀಪು ಮಾಡಿಕೊಂಡು ಮಡಿಕೇರಿಗೆ ಬರುವ ಅಗತ್ಯ ಈಗಿಲ್ಲ. ಬಿಸ್ಕತ್ತಿನ ತೆರಿಗೆಯೂ ಅದೇ ದಿನ ಇಳಿಯಿತು. ಹತ್ತು ರೂಪಾಯಿ ಪ್ಯಾಕಿನಲ್ಲಿ ರೇಟು ಹಾಗೇ ಇದ್ದರೆ ಗ್ರಾಂ ಹೆಚ್ಚಾಗಿರಬೇಕು, ಹಿಂದಿನ ಕವರು ಇದ್ದರೆ ತೂಕ ಹೋಲಿಸಿ.

ನಿಜವಾದ ಪೈಪೋಟಿ ನಡೆಯುವುದು ಸಂತೆಯಲ್ಲಿ. ಕುಶಾಲನಗರ ಮಂಗಳವಾರ, ವಿರಾಜಪೇಟೆ ಬುಧವಾರ, ಮಡಿಕೇರಿ ಶುಕ್ರವಾರ, ಗೋಣಿಕೊಪ್ಪ ಭಾನುವಾರ. ಒಂದೇ ಟೊಮೆಟೊಗೆ ಹತ್ತು ಜನ ಕೂಗುತ್ತಿರುವಾಗ ರೇಟು ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಸರಕು ಚೆನ್ನಾಗಿರುತ್ತದೆ, ರೇಟು ಗಟ್ಟಿ. ಸಂಜೆ ನಾಲ್ಕರ ಮೇಲೆ, ಅದರಲ್ಲೂ ಮಳೆ ಹಿಡಿದರೆ, ವ್ಯಾಪಾರಿಗೆ ವಾಪಸ್ ಒಯ್ಯುವ ಬಾಡಿಗೆಯ ಚಿಂತೆ. ಸೊಪ್ಪು, ಬೀನ್ಸು ಬೆಳಿಗ್ಗೆ ಕೊಳ್ಳಿ. ಈರುಳ್ಳಿ, ಆಲೂಗಡ್ಡೆ, ಕುಂಬಳ ಸಂಜೆಗೆ ಬಿಡಿ. ತೆಂಗಿನಕಾಯಿಯನ್ನು ಎಣಿಕೆಯಲ್ಲಿ ಕೊಡುವವರ ಹತ್ತಿರ ದೊಡ್ಡದನ್ನು ಆರಿಸಿ, ತೂಕದಲ್ಲಿ ಕೊಡುವವರ ಹತ್ತಿರ ಜುಟ್ಟು ತೆಗೆಸಿ ತೂಗಿಸಿ.

ಸಂತೆಗೆ ಬರಲಾಗದವರ ಪಾಡು ನೋಡಿದರೆ ಸಂಕಟವಾಗುತ್ತದೆ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಕೂಲಿ ಬಟವಾಡೆ ಆಗುವವರೆಗೆ ಹತ್ತಿರದ ಒಂದೇ ಅಂಗಡಿಯಲ್ಲಿ ಲೆಕ್ಕ ಬರೆಸಿ ತರುತ್ತಾರೆ. ಸಾಲ ಇರುವವರೆಗೆ ರೇಟು ಕೇಳುವ ಹಾಗಿಲ್ಲ. ಎಣ್ಣೆ, ಬೇಳೆ, ಸಕ್ಕರೆಯನ್ನು ನೂರು-ಇನ್ನೂರು ಗ್ರಾಂ ಲೆಕ್ಕದಲ್ಲಿ ಕೊಳ್ಳುವುದರಿಂದ ಕಿಲೋಗೆ ಎಲ್ಲರಿಗಿಂತ ಹೆಚ್ಚು ಕೊಡುವವರು ಅವರೇ. ಬಟವಾಡೆಯನ್ನು ಸಂತೆಯ ಹಿಂದಿನ ದಿನವೇ ಮುಗಿಸಿ, ಸಂತೆ ದಿನ ಪಿಕಪ್ ಕಳಿಸಿದರೆ ತೋಟದ ಮಾಲೀಕರಿಗೆ ದೊಡ್ಡ ಖರ್ಚಲ್ಲ, ಆ ಮನೆಗಳಿಗೆ ಬಹಳ ವ್ಯತ್ಯಾಸವಾಗುತ್ತದೆ.

ಮಳೆಗಾಲಕ್ಕೆಂದು ಮೇ ತಿಂಗಳಲ್ಲೇ ತುಂಬಿಸುವವರು ಇದನ್ನು ಗಮನಿಸಿ: ಒಣಮೆಣಸಿನಕಾಯಿ, ಬೇಳೆ ಎರಡು ಬಿಸಿಲು ಕಂಡು ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹೋಗಬೇಕು, ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ರವೆ ಹುರಿದಿಡಿ. ಅಕ್ಕಿ ಮೂಟೆ ಗೋಡೆಗೆ ತಾಗದ ಹಾಗೆ ಹಲಗೆಯ ಮೇಲಿರಲಿ. ಬೆಲ್ಲವನ್ನು ತಿಂಗಳಿಗಿಂತ ಹೆಚ್ಚಿಗೆ ತರಬೇಡಿ, ನೀರಾಗುತ್ತದೆ.

ಕಾಫಿಪುಡಿಗೆ ಸೂಪರ್ ಮಾರ್ಕೆಟ್ ಬೇಡವೇ ಬೇಡ. ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾದಲ್ಲಿ ಬರೆದಿರಲೇಬೇಕು; ಚಿಕೋರಿ 49ರವರೆಗೂ ಇರಬಹುದು. ಹಾಗಾಗಿ ಎರಡು ಬ್ರಾಂಡಿನ ರೇಟು ಹೋಲಿಸುವ ಮೊದಲು ಆ ಅಂಕಿ ಹೋಲಿಸಿ. ಊರಿನ ಪುಡಿ ಮಿಲ್ಲಿನ ರೇಟು ಸರಿಯೇ ಎಂದು ತಿಳಿಯಲು ಒಂದು ಲೆಕ್ಕವಿದೆ. 50 ಕಿಲೋ ರೊಬಸ್ಟಾ ಚೆರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸುಮಾರು 26 ಕಿಲೋ ಬೀಜ ಸಿಗುತ್ತದೆ, ಹುರಿದಾಗ ತೂಕ ಇಳಿದು ಪುಡಿ ಸುಮಾರು 22 ಕಿಲೋ. ಅಂದಿನ ಚೆರಿ ಚೀಲದ ರೇಟನ್ನು 22ರಿಂದ ಭಾಗಿಸಿ. ಚೀಲಕ್ಕೆ ಹತ್ತು ಸಾವಿರವಾದರೆ ಕಿಲೋಗೆ 455 ರೂಪಾಯಿ. ಅದರ ಮೇಲೆ ಸಿಪ್ಪೆ ಬಿಡಿಸುವ (ಹಲ್ಲಿಂಗ್), ಹುರಿಯುವ, ಬೀಸುವ ಕೂಲಿ. ಚಿಕೋರಿ ಬೆರೆಸದ ರೊಬಸ್ಟಾ ಪುಡಿಯನ್ನು ಇದಕ್ಕಿಂತ ಕೆಳಗೆ ಯಾರಾದರೂ ಕೊಡುತ್ತೇನೆಂದರೆ, ಬೀಜ ನಿಮ್ಮ ಕಣ್ಣೆದುರೇ ಬೀಸಲಿ. ಒಂದು ಸಲಕ್ಕೆ ಕಾಲು ಕಿಲೋ ಸಾಕು.