ನೆಟ್ ಇಲ್ಲದ ಶಾಲೆಗೆ ಕೊಲಿಬ್ರಿ: ಜಗಳೂರು, ಚಳ್ಳಕೆರೆ ಕಡೆಗೆ ಇದು ಒಗ್ಗುತ್ತದೆಯೇ?

ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಮಕ್ಕಳಿಗೆಲ್ಲ ಒಂದೊಂದು ಲ್ಯಾಪ್‌ಟಾಪ್ ಕೊಡಿಸುತ್ತೇವೆ ಎಂದು ಮುಂದೆ ಬಂದಾಗ ಮೊದಲ ಮಾತು ಕಂಪನಿ ಯಾವುದು, ರೇಟು ಎಷ್ಟು ಎಂಬುದು. ಅದರಲ್ಲಿ ಏನು ಓದಿಸುವುದು ಎಂಬ ಮಾತು ಬರುವುದು ಡಬ್ಬಿ ಬಿಚ್ಚಿದ ಮೇಲೆ. ಆ ಎರಡನೆಯ ಪ್ರಶ್ನೆಗೆ ಸಿಗುವ ಗಟ್ಟಿ ಉತ್ತರಗಳಲ್ಲಿ ಕೊಲಿಬ್ರಿ ಒಂದು. ಲರ್ನಿಂಗ್ ಈಕ್ವಾಲಿಟಿ ಎಂಬ ಲಾಭರಹಿತ ಸಂಸ್ಥೆ ಮಾಡಿದ ಉಚಿತ ತಂತ್ರಾಂಶ ಇದು. ಶಾಲೆಯ ಒಂದು ಕಂಪ್ಯೂಟರಿನಲ್ಲಿ (ಇದೇ ಸರ್ವರ್) ವಿಡಿಯೊ, ಪುಸ್ತಕ, ಅಭ್ಯಾಸ ಪ್ರಶ್ನೆ ತುಂಬಿಟ್ಟರೆ ಉಳಿದ ಲ್ಯಾಪ್‌ಟಾಪ್‌ಗಳು ಶಾಲೆಯದೇ ವೈಫೈ ಹಿಡಿದು ಬ್ರೌಸರಿನಲ್ಲಿ ಅವನ್ನು ತೆರೆಯುತ್ತವೆ. ಇಂಟರ್ನೆಟ್ ಬೇಕಿಲ್ಲ. ನೆಟ್‌ವರ್ಕ್ ಕೈಕೊಡುವ ಹಳ್ಳಿಯ ಪ್ರೌಢಶಾಲೆಗೆ ಧೈರ್ಯವಾಗಿ ಹಾಕಿಸಬಹುದು. ಆದರೆ ಕನ್ನಡದ ಪಾಠ ತಾನಾಗಿ ಬರುವುದಿಲ್ಲ, ಮೇಷ್ಟ್ರು ಕೂತು ತುಂಬಬೇಕು.

ಸರ್ವರ್‌ಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕಿ ಎಂದು ಹಲವರು ಹೇಳುತ್ತಾರೆ. ಅಗ್ಗ, ನಿಜ. ಆದರೆ ಕರೆಂಟು ಹೇಳದೆ ಕೇಳದೆ ಹೋಗುವ ಕಡೆ ಅದರ ಎಸ್‌ಡಿ ಕಾರ್ಡು ಬರೆಯುತ್ತಿದ್ದ ಹಾಗೆಯೇ ಕೆಡುತ್ತದೆ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇಕು. ಮನೆಯ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ವೋಲ್ಟೇಜ್ ಸಾಲದೆ ನಡುವೆ ನಿಲ್ಲುತ್ತದೆ. ಒಳಗೆ ಗಡಿಯಾರದ ಬ್ಯಾಟರಿಯೂ ಇಲ್ಲ, ನೆಟ್ ಇಲ್ಲದಿದ್ದರೆ ತಾರೀಖು ತಪ್ಪಿ ಮಕ್ಕಳ ದಾಖಲೆಯೂ ತಪ್ಪುತ್ತದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಲ್ಯಾಪ್‌ಟಾಪ್ ಒಂದನ್ನೇ ಸರ್ವರ್ ಮಾಡುವುದು ಮೇಲು. ಅದರ ಬ್ಯಾಟರಿಯೇ ಯುಪಿಎಸ್.

ಎಡವುವುದು ಹೆಚ್ಚಾಗಿ ವೈಫೈಯಲ್ಲಿ. ಮನೆಗೆ ಹಾಕುವ ರೌಟರಿಗೆ 40 ಲ್ಯಾಪ್‌ಟಾಪ್ ಒಟ್ಟಿಗೆ ಸೇರಿ ವಿಡಿಯೊ ತೆರೆದರೆ ಅದು ತತ್ತರಿಸುತ್ತದೆ, ಮಕ್ಕಳು ಬೈಯುವುದು ಕೊಲಿಬ್ರಿಯನ್ನು. ಎರಡು ತರಂಗ ಪಟ್ಟಿಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) ವೈಫೈ ಹರಡುವ ಡ್ಯುಯಲ್ ಬ್ಯಾಂಡ್ ಆಕ್ಸೆಸ್ ಪಾಯಿಂಟ್ ಹಾಕಿ, ಸರ್ವರನ್ನು ವೈಫೈಗೆ ಬಿಡದೆ ಗಿಗಾಬಿಟ್ ಕೇಬಲ್‌ನಿಂದಲೇ ಜೋಡಿಸಬೇಕು. ಎರಡು ಪಾಯಿಂಟ್ ಇದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11ನೇ ವೈಫೈ ಚಾನೆಲ್ ಕೊಡಿ, ಆಗ ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದು.

ಇನ್ನು ಪಾಠದ ಸರಕು. ಕೊಲಿಬ್ರಿಯಲ್ಲಿ ಸಿದ್ಧ ಪಾಠಗಳ ಗುಚ್ಛಕ್ಕೆ ಚಾನೆಲ್ ಎನ್ನುತ್ತಾರೆ. ಇಂಗ್ಲಿಷಿನ ದೊಡ್ಡ ಚಾನೆಲ್‌ಗಳು ಹತ್ತಾರು ಜಿಬಿ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಫೈಬರ್ ಇರುವ ಕಡೆ ಒಂದು ಕಂಪ್ಯೂಟರಿಗೆ ಇಳಿಸಿಕೊಂಡು, ಎಕ್ಸ್‌ಪೋರ್ಟ್ ಕೊಟ್ಟು ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು ಊರಿಗೆ ಒಯ್ಯಬಹುದು. ಕನ್ನಡದ್ದು ಇಂಗ್ಲಿಷಿನ ಎದುರು ತೀರ ಕಮ್ಮಿ, ಮತ್ತು ನಮ್ಮ ರಾಜ್ಯದ ಪಠ್ಯದ ಅಧ್ಯಾಯ ಕ್ರಮಕ್ಕೆ ಹೊಂದುವುದಿಲ್ಲ. ಸ್ವಂತ ಚಾನೆಲ್ ಕಟ್ಟಲೇಬೇಕು. ಅಲ್ಲಿ ದೊಡ್ಡ ಕೊರತೆಯೊಂದಿದೆ: ಶಾಲೆಯ ಸರ್ವರಿಗೆ ನೇರವಾಗಿ ಪಿಡಿಎಫ್ ಹಾಕಲು ಬರುವುದಿಲ್ಲ. ಕೊಲಿಬ್ರಿ ಸ್ಟುಡಿಯೊ ಎಂಬ ಜಾಲತಾಣದಲ್ಲಿ ಖಾತೆ ತೆರೆದು ಅಲ್ಲಿ ಏರಿಸಿ, ಪ್ರಕಟಿಸಿ, ಸಿಕ್ಕ ಟೋಕನ್ (ಚಿಕ್ಕ ಸಂಕೇತಪದ) ಕೊಟ್ಟು ಸರ್ವರಿಗೆ ಇಳಿಸಿಕೊಳ್ಳಬೇಕು. ಒಂದು ವರ್ಕ್‌ಶೀಟ್ ತಿದ್ದಿದರೂ ಇದೇ ಸುತ್ತು.

ಆದರೂ ಈ ಶ್ರಮಕ್ಕೆ ಬೆಲೆಯಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು ಉಚಿತ. ಅಧ್ಯಾಯವಾರು ತುಂಡು ಮಾಡಿ ಏರಿಸಿದರೆ ಬೇಗ ತೆರೆಯುತ್ತವೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೆ ಮಾಡುವ ವಿಜ್ಞಾನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೂ ಇವೆ, ಒಂದೊಂದೂ ಒಂದೇ ಎಚ್‌ಟಿಎಂಎಲ್ ಕಡತ. ಅದಕ್ಕೆ ಇಂಡೆಕ್ಸ್ ಎಂದು ಹೆಸರು ಬದಲಿಸಿ, ಜಿಪ್ ಮಾಡಿ ಏರಿಸಿದರೆ ವಿದ್ಯುತ್ ಮಂಡಲ ಜೋಡಿಸುವ ಪ್ರಯೋಗ ಪ್ರತಿ ಮಗುವಿನ ಕೈಗೆ ಬರುತ್ತದೆ. ಬಲ್ಬು, ತಂತಿ ಸಾಲದ ಪ್ರಯೋಗಾಲಯಕ್ಕೆ ಇದು ದೊಡ್ಡ ಆಸರೆ. ಪಠ್ಯದಲ್ಲಿರುವ ದೀಕ್ಷಾ (ಕೇಂದ್ರ ಸರ್ಕಾರದ ಶಾಲಾ ಪಾಠಗಳ ಜಾಲತಾಣ) ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಹಿಡಿದು ಒದ್ದಾಡಬೇಡಿ. ಕೆಳಗೆ ಅಚ್ಚಾದ ಆರು ಅಕ್ಷರದ ಸಂಕೇತವನ್ನು ದೀಕ್ಷಾ ತಾಣದಲ್ಲಿ ಟೈಪಿಸಿದರೆ ಸಾಕು. ಅದಕ್ಕೆ ಮಾತ್ರ ನೆಟ್ ಬೇಕು.

ಮೇಷ್ಟ್ರ ಹಳೆಯ ನೋಟ್ಸ್, ಪ್ರಶ್ನೆಪತ್ರಿಕೆಗಳು ಎಷ್ಟೋ ಕಡೆ ಹಳೆಯ ನುಡಿ ಫಾಂಟಿನಲ್ಲಿವೆ. ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲೇ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಬರುವ ಪದಗಳನ್ನು ಕಣ್ಣಿಟ್ಟು ನೋಡಿ, ಆಮೇಲೆ ಏರಿಸಿ. ಮಕ್ಕಳಿಗೆ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ಕಲಿಸಬೇಕು. ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಅದು ಇದೆ. ಒತ್ತಕ್ಷರದ ಗುಟ್ಟು ಎಫ್ ಕೀಲಿಯಲ್ಲಿ: 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಈ ಒಂದು ಪದ ಬಂದರೆ ಮಗು ಮುಂದಿನದನ್ನು ತಾನೇ ಹುಡುಕಿಕೊಳ್ಳುತ್ತದೆ. ಇದನ್ನು ಕಲಿಸದೆ ಬಿಟ್ಟರೆ ಮಕ್ಕಳು ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ ಅಷ್ಟೇ, ಬರೆಯುವುದಿಲ್ಲ.

ಯಾವ ಮಗು ಎಲ್ಲಿ ತಡವರಿಸಿದೆ ಎಂಬುದು ಕೊಲಿಬ್ರಿಯ ಶಿಕ್ಷಕರ ಪುಟದಲ್ಲಿ ಕಾಣುತ್ತದೆ, ಚೆನ್ನಾಗಿದೆ. ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗಲು ಬಿಡುವ ಸೌಕರ್ಯವೂ ಇದೆ. ಆದರೆ ಹಾಗೆ ಬಿಟ್ಟರೆ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಕೂರುತ್ತಾರೆ, ಆ ವರದಿ ನಂಬುವಂತಿರುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಮುಖ್ಯಶಿಕ್ಷಕರ ಕಪಾಟಿನಲ್ಲಿ ಬರೆದಿಡಿ, ಒಬ್ಬರ ವರ್ಗಾವಣೆಯೊಂದಿಗೆ ಅದು ಹೋಗಬಾರದು.

ಲ್ಯಾಪ್‌ಟಾಪ್ ಮನೆಗೂ ಹೋಗುವುದಾದರೆ ಪ್ರತಿಯೊಂದರಲ್ಲೂ ಕೊಲಿಬ್ರಿ ಹಾಕಬಹುದು. ಮರುದಿನ ಶಾಲೆಯ ವೈಫೈಗೆ ಸೇರಿದಾಗ ಮಗುವಿನ ಅಭ್ಯಾಸ ಸರ್ವರಿಗೆ ಸೇರುತ್ತದೆ. ಇಲ್ಲಿಯೇ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ ಚಿಪ್ಪಿನ ಅಗ್ಗದ ಹೊಸ ಲ್ಯಾಪ್‌ಟಾಪ್ ಸೋಲುವುದು. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಜಾಗ ನುಂಗುತ್ತವೆ. ಇಎಂಎಂಸಿ ಬೋರ್ಡಿಗೆ ಬೆಸೆದಿರುವುದರಿಂದ ಬದಲಿಸಲೂ ಆಗದು. ಅದೇ ದುಡ್ಡಿಗೆ ಕಂಪನಿಗಳಿಂದ ಬಂದ, ಬಳಸಿ ದುರಸ್ತಿಯಾದ (ರಿಫರ್ಬಿಷ್ಡ್) ಲ್ಯಾಪ್‌ಟಾಪ್ ಸಿಕ್ಕರೆ ಒಳ್ಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಅವುಗಳಿಗೆ ಲಿನಕ್ಸ್ ಹಾಕಿಸಿ. ಕೊಳ್ಳುವಾಗ ಬಯಾಸ್ (ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ತೆಗೆದಿದ್ದಾರೆಯೇ, ಬ್ಯಾಟರಿಯ ಈಗಿನ ಸಾಮರ್ಥ್ಯ ಮೂಲದ 70 ಶೇಕಡಾಕ್ಕಿಂತ ಮೇಲಿದೆಯೇ, ಹಿಂಜ್ ಸಡಿಲವೇ ನೋಡಿ.

ಚಾರ್ಜಿಂಗ್ ಲೆಕ್ಕ ಹಾಕದೆ ಡಬ್ಬಿ ತರಿಸಬೇಡಿ. 65 ವ್ಯಾಟಿನ 40 ಚಾರ್ಜರ್ ಎಂದರೆ 2,600 ವ್ಯಾಟ್, 230 ವೋಲ್ಟಿನಲ್ಲಿ 11 ಆಂಪಿಯರಿಗೂ ಮೇಲೆ. ಗೋಡೆಯ 6 ಆಂಪಿಯರ್ ಸಾಕೆಟ್ ತಾಳುವುದು 1,380 ವ್ಯಾಟ್. ಒಂದು ಸಾಕೆಟ್ಟಿಗೆ 16ಕ್ಕಿಂತ ಹೆಚ್ಚು ಸಿಕ್ಕಿಸದೆ, ಮೂರು ಪ್ರತ್ಯೇಕ ಲೈನು, ಒಂದೊಂದಕ್ಕೂ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಎಳೆಯುವುದು ಬೇಡವೇ ಬೇಡ. ಕಬ್ಬಿಣದ ಕಪಾಟಿನಲ್ಲಿ ಇಡುವುದಾದರೆ ಅರ್ಥಿಂಗ್ ಪರೀಕ್ಷೆ ಕಡ್ಡಾಯ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಅರ್ಥಿಂಗ್ ಕೆಲಸ ಮಾಡದೆ ಮುಟ್ಟಿದವರಿಗೆ ಜುಮ್ಮೆನ್ನುತ್ತದೆ, ನೀರು ಹಾಕಿಸುತ್ತಿರಬೇಕು.

ತಲೆಗೊಂದು ಲ್ಯಾಪ್‌ಟಾಪ್ ಬೇಕೇ ಎಂಬುದಕ್ಕೆ ಪೆರು ದೇಶದ ಅನುಭವ ಕಣ್ಮುಂದಿದೆ. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆದು 2012ರಲ್ಲಿ ಹೊರಬಂದ ಅಧ್ಯಯನ, ಲ್ಯಾಪ್‌ಟಾಪ್ ಹಂಚಿದ್ದರಿಂದ ಗಣಿತ ಮತ್ತು ಭಾಷೆಯ ಕಲಿಕೆ ಹೆಚ್ಚಿದ್ದನ್ನು ಕಾಣಲಿಲ್ಲ. ಹಾಗಾಗಿ ದುಡ್ಡು ಕಮ್ಮಿಯಿದ್ದರೆ 20 ಲ್ಯಾಪ್‌ಟಾಪ್ ತಂದು ಇಬ್ಬರಿಗೊಂದು ಕೊಡಿ. ಉಳಿದದ್ದನ್ನು ವೈರಿಂಗ್, ಆಕ್ಸೆಸ್ ಪಾಯಿಂಟ್, ನಾಲ್ಕು ಹೆಚ್ಚುವರಿ ಚಾರ್ಜರ್ ಮತ್ತು ಕನ್ನಡ ಚಾನೆಲ್ ಕಟ್ಟುವ ಶಿಕ್ಷಕರ ಸಮಯಕ್ಕೆ ಇಡಿ.

ಏಪ್ರಿಲ್ ರಜೆಗೆ ಬೀಗ ಹಾಕುವ ಮುಂಚೆ ಎಲ್ಲವನ್ನೂ 50 ಶೇಕಡಾ ಚಾರ್ಜಿನಲ್ಲಿ ಆರಿಸಿ, ಬಿಸಿಲು ತಾಗದ ಕೋಣೆಯಲ್ಲಿಡಿ. ತಗಡಿನ ಸೂರಿನಡಿ ಪೂರ್ತಿ ಚಾರ್ಜ್ ಆಗಿ ಎರಡು ತಿಂಗಳು ಬಿದ್ದ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತುತ್ತದೆ. ಜೂನ್‌ನಲ್ಲಿ ತೆರೆದಾಗ ಅಂಥದ್ದು ಕಂಡರೆ ಒತ್ತಿ ಕೂರಿಸಬೇಡಿ, ಚಾರ್ಜಿಗೂ ಹಾಕಬೇಡಿ; ಬೇರೆ ತೆಗೆದಿಟ್ಟು ಬ್ಯಾಟರಿ ಬದಲಿಸಿ.