ಕಾರವಾರ ಮಾರ್ಕೆಟ್ ಹತ್ರದ ಪೆಟ್ ಶಾಪ್: ಮಳೆಗಾಲದ ಖರ್ಚು ಮೊದ್ಲೇ ಹೇಳ್ಕೊಡ್ತಾರೆ

ನಾಯಿ, ಬೆಕ್ಕು ಸಾಕೋದಕ್ಕೆ ತಿಂಗಳಿಗೆ ಎಷ್ಟು ಬೇಕು ಅಂತ ಎಲ್ರೂ ಕೇಳ್ತಾರೆ. ಆದ್ರೆ ನಮ್ಮ ಕಾರವಾರದ ಕಡೆ ತಿಂಗಳ ಲೆಕ್ಕ ನಡೆಯಲ್ಲ, ವರ್ಷದ ಲೆಕ್ಕಾನೇ ಹಾಕ್ಬೇಕು. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯೋ ಯಾಂತ್ರಿಕ ಬೋಟ್ ಕಡಲಿಗೆ ಇಳಿಯಲ್ಲ, ಬೇರೆ ದಿನ ಅಗ್ಗಕ್ಕೆ ಸಿಗೋ ತಾರ್ಲೆ ಮೀನು ಬೇಯಿಸಿ ಮುಳ್ಳು ತೆಗ್ದು ಅನ್ನಕ್ಕೆ ಕಲ್ಸಿ ಬೆಕ್ಕಿಗೆ ಹಾಕೋ ನಮ್ಮಂಥ ಮನೇಲಿ ಆಗ ಪ್ಯಾಕೆಟ್ ಫುಡ್ ತರ್ಲೇಬೇಕು, ಅದೇ ಹೊತ್ತಿಗೆ ನಾಯಿಗೆ ಉಣ್ಣಿ ಕಾಟ ಬೇರೆ.

ಈ ಅಂಗಡಿಯವ್ರಿಗೆ ಇದೆಲ್ಲ ಚೆನ್ನಾಗ್ ಗೊತ್ತು, ನಂಗೆ ಇಷ್ಟ ಆಗಿದ್ದೂ ಅದೇ. ಮೇ ತಿಂಗ್ಳಲ್ಲಿ 20 ಕೆಜಿ ಚೀಲ ಕೇಳಿದ್ರೆ ಅವ್ರೇ ಬೇಡ ಅಂದ್ರು. ಕೆಜಿ ಲೆಕ್ಕದಲ್ಲಿ ದೊಡ್ಡ ಚೀಲನೇ ಅಗ್ಗ, ಆದ್ರೆ ಮಳೇಲಿ ಒಮ್ಮೆ ಒಡೆದ್ರೆ ತಂಡಿ ಹಿಡ್ದು ಬೂಸು ಬರತ್ತೆ, ಅರ್ಧ ಎಸೆದ್ರೆ ಉಳಿತಾಯ ಎಲ್ಲಿ? 3 ಕೆಜಿ ಪ್ಯಾಕ್ ತಗೊಳ್ಳಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚಿಡಿ ಅಂದ್ರು. ಲೂಸ್ ಫುಡ್ ಇವ್ರು ಮಾರೋದೇ ಇಲ್ಲ, ಎಕ್ಸ್‌ಪೈರಿ ಡೇಟ್ ತೋರ್ಸೇ ಕೊಡ್ತಾರೆ.

ಉಣ್ಣಿ ಔಷಧಿ ವಿಷ್ಯಕ್ಕಂತೂ ಪೂರ್ತಿ ಮಾರ್ಕ್ಸ್. ನಾಯಿ ಎಷ್ಟು ಕೆಜಿ ಇದೆ ಅಂತ ಕೇಳದೆ ಕೊಡಲ್ಲ, ಯಾಕಂದ್ರೆ ಡೋಸ್ ತೂಕದ ಮೇಲೇ ಇರೋದು. ನಾನಿದ್ದಾಗ್ಲೇ ಒಬ್ರು ನಾಯಿಗೆ ಹಾಕೋ ಡ್ರಾಪ್ಸನ್ನೇ ಬೆಕ್ಕಿಗೂ ಹಾಕ್ತೀನಿ ಅಂದಾಗ ಕೊಡೋಕೆ ಒಪ್ಪಲೇ ಇಲ್ಲ. ಅದ್ರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕಿಗೆ ವಿಷ, ಜೀವಾನೇ ಹೋಗ್ಬಹುದು, ದಯವಿಟ್ಟು ಎಲ್ರೂ ಇದನ್ನ ನೆನಪಿಟ್ಕೊಳ್ಳಿ.

ಲಸಿಕೆ ಇಲ್ಲಿ ಹಾಕಲ್ಲ, ಸರ್ಕಾರಿ ಪಶು ಆಸ್ಪತ್ರೆಗೇ ಹೋಗಿ ಅಂತಾರೆ, ಅದು ಸರೀನೇ. ಮರಿಗೆ ಮೂರು ತಿಂಗ್ಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಲ್ಲಿ ಉಚಿತ ಶಿಬಿರ ನಡೆಯೋದುಂಟು, ವಿಚಾರ್ಸಿ ನೋಡಿ. ಜಂತಿನ ಮಾತ್ರೆ ಖರ್ಚು ಸಣ್ಣದು.

ಇವ್ರ ಮಾತು ಕೇಳಿ ನಾವು ಅಕ್ಟೋಬರ್‌ನಿಂದ ಮೇ ತನಕ ತಿಂಗಳಿಗೆ 300 ರೂಪಾಯಿ ಪಕ್ಕಕ್ಕೆ ಇಡ್ತೀವಿ, ಎಂಟು ತಿಂಗಳಿಗೆ 2400 ಆಗತ್ತೆ, ಮಳೆಗಾಲದ ಹೆಚ್ಚುವರಿ ಖರ್ಚೆಲ್ಲ ಅದ್ರಲ್ಲೇ. ಕಾಯಿಲೆ ಬಿದ್ರೆ ಡಾಕ್ಟರಿಗೆ ಅಂತ ಬೇರೆ ದುಡ್ಡು ಇಟ್ಟಿರ್ಲೇಬೇಕು, ಅದನ್ನ ಇದ್ರಲ್ಲಿ ಸೇರಿಸ್ಬೇಡಿ.

ಬೇಜಾರಾಗಿದ್ದು ಏನಂದ್ರೆ ಬೆಲ್ಟು, ಆಟಿಕೆ, ಊಟದ ಬಟ್ಲು ಎಲ್ಲ ತುಂಬಾ ದುಬಾರಿ, ಬಟ್ಲು ಪಾತ್ರೆ ಅಂಗಡೀಲೇ ತಗೊಳ್ಳಿ. ಬೆಕ್ಕಿನ ಲಿಟರ್ (ಬೆಕ್ಕು ಮಲಮೂತ್ರ ಮಾಡೋಕೆ ಟ್ರೇಗೆ ಹಾಕೋ ಮರಳಿನಂಥದ್ದು) ಎಷ್ಟೋ ಸಲ ಸ್ಟಾಕೇ ಇರಲ್ಲ. ಹೋಮ್ ಡೆಲಿವರಿ ಇಲ್ಲ, ಸದಾಶಿವಗಡದ ಕಡೆಯವ್ರು ಕಾಳಿ ಸೇತುವೆ ದಾಟಿ ಬರ್ಬೇಕು, ಫೋನ್ ಮಾಡಿ ಸಾಮಾನು ಇದೆಯಾ ಕೇಳ್ಕೊಂಡೇ ಹೊರಡಿ. ಫುಡ್ಡಿಗೂ ಉಣ್ಣಿ ಔಷಧಿಗೂ ನಾನು ಇಲ್ಲಿಗೇ ಹೋಗೋದು. ಐದಕ್ಕೆ ನಾಲ್ಕು.